ಕೇಳಿ ಹೇಳು, ಓದಿ ಬರೆ: ಪಿಟಿಇ ಪರೀಕ್ಷೆಯ ಜೋಡಿ ಪ್ರಶ್ನೆಗಳಿಗೆ ಹಂತ ಹಂತದ ತಯಾರಿ

ಕುಶಾಲನಗರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಹೊರದೇಶಕ್ಕೆ ಓದಲು ಹೊರಟ ಮಕ್ಕಳು ಬರುತ್ತಾರೆ. ಹೆಚ್ಚಿನವರು ಅದಕ್ಕೆ ಬೇಕಾದ ಪಿಟಿಇ ಅನ್ನುವ ಇಂಗ್ಲಿಷ್ ಪರೀಕ್ಷೆಯನ್ನು ಒಂದು ಸಲ ಬರೆದು, ಸ್ಕೋರ್ ಸಾಲದೆ ಬಂದವರು. ಎಲ್ಲರದ್ದೂ ಒಂದೇ ದೂರು: "ಮೇಡಂ, ಕೇಳಿದ್ದು ಅರ್ಥ ಆಗುತ್ತೆ, ಮಾತಾಡೋಕೂ ಬರುತ್ತೆ. ಆದ್ರೂ ಮಾರ್ಕ್ ಬರ್ತಿಲ್ಲ."

ಅವರು ಹೇಳುವುದು ಸುಳ್ಳಲ್ಲ. ಕೇಳುವುದು ಒಂದೇ ಆದರೆ ಬರುತ್ತದೆ, ಮಾತಾಡುವುದು ಒಂದೇ ಆದರೆ ಬರುತ್ತದೆ. ಕೇಳಿದ್ದನ್ನು ಹತ್ತು ಸೆಕೆಂಡಿನಲ್ಲಿ ಜೋಡಿಸಿಕೊಂಡು ಹೇಳಿ ಅಂದಾಗ ಕೈಕೊಡುತ್ತದೆ. ಹಂಚೆಲ್ಲ ಗಟ್ಟಿ ಇದ್ದು, ಎರಡು ಹಂಚು ಸೇರುವ ಕಡೆ ಮಾತ್ರ ನೀರು ಸೋರಿದ ಹಾಗೆ. ಆ ಜಾಗವನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಈ ಬರಹ ಆ ಜಾಗದ ಬಗ್ಗೆ ಮಾತ್ರ.

ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಿ. ನಾಲ್ಕನೇ ಹಂತ ಸುಲಭ ಕಾಣುತ್ತದೆ ಅಂತ ಅಲ್ಲಿಂದ ಶುರು ಮಾಡಿದವರೇ ಜಾಸ್ತಿ ಸಲ ಫೀಸ್ ಕಟ್ಟಿದ್ದಾರೆ.

ಶುರು ಮಾಡುವ ಮುಂಚೆ

ಮೊದಲು ಪರೀಕ್ಷೆ ಯಾವುದು ಅಂತ ನೋಡಿಕೊಳ್ಳಿ. ಐಇಎಲ್‌ಟಿಎಸ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಬೇರೆ ಬೇರೆ ಭಾಗಗಳು. ಟೋಫೆಲ್‌ನಲ್ಲಿ ಮೊದಲು ಓದಿ, ಕೇಳಿ, ಆಮೇಲೆ ಬರೆಯುವ ದೊಡ್ಡ ಪ್ರಶ್ನೆ ಇತ್ತು. 2026ರ ಜನವರಿಯಲ್ಲಿ ಆ ಪರೀಕ್ಷೆ ಹೊಸ ರೂಪಕ್ಕೆ ಬಂದಾಗ ಅದು ಹೋಯಿತು. ಅಣ್ಣನೋ ಅಕ್ಕನೋ ಕೊಟ್ಟ ಹಳೇ ಟೋಫೆಲ್ ಪುಸ್ತಕ ಹಿಡಿದು ಕೂತಿದ್ದರೆ ಅಲ್ಲೇ ಒಂದು ತಿಂಗಳು ವ್ಯರ್ಥ. ಪಿಟಿಇ ಅಕಾಡೆಮಿಕ್‌ನಲ್ಲಿ ಮಾತ್ರ ಒಂದೇ ಪ್ರಶ್ನೆ ಎರಡು ಕೌಶಲಕ್ಕೆ ಮಾರ್ಕ್ ಕೊಡುವುದು ಈಗಲೂ ಮಾಮೂಲಿ. ಜೋಡಿ ಪ್ರಶ್ನೆ ಅಂತ ನಾನು ಹೇಳುವುದು ಇವನ್ನೇ. ಕೇಳಿ ಬರೆದರೆ ಲಿಸನಿಂಗ್‌ಗೂ ಬಂತು, ರೈಟಿಂಗ್‌ಗೂ ಬಂತು. ತಪ್ಪಿದರೆ ಎರಡರಲ್ಲೂ ಹೋಯಿತು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಕಿವಿ ಪೂರ್ತಿ ಮುಚ್ಚುವ, ಮೈಕ್ ಇರುವ ಹೆಡ್‌ಸೆಟ್ ಒಂದು. ಕೀಬೋರ್ಡ್ ಇರುವ ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್. ಮೊಬೈಲಿನಲ್ಲಿ ಹೆಬ್ಬೆರಳಲ್ಲಿ ಟೈಪ್ ಮಾಡಿ ಅಭ್ಯಾಸ ಮಾಡಿದರೆ ಪರೀಕ್ಷೆಯ ದಿನ ಕೈ ಓಡುವುದಿಲ್ಲ. ಮೊಬೈಲನ್ನು ಟೈಮರ್‌ಗೂ ನಿಮ್ಮ ದನಿ ರೆಕಾರ್ಡ್ ಮಾಡಲೂ ಇಟ್ಟುಕೊಳ್ಳಿ. ಜೊತೆಗೆ ಒಂದು ಲ್ಯಾಮಿನೇಟ್ ಮಾಡಿದ ಹಾಳೆ, ಒಂದು ಮಾರ್ಕರ್. ಪರೀಕ್ಷೆಯಲ್ಲಿ ಕಾಗದ ಕೊಡುವುದಿಲ್ಲ. ಅಳಿಸಿ ಬರೆಯುವ ನುಣುಪು ಹಾಳೆ ಕೊಡುತ್ತಾರೆ. ಅದರ ಮೇಲೆ ಬಾಲ್ ಪೆನ್ನಿನಷ್ಟು ಸಣ್ಣಗೆ ಬರೆಯಲು ಆಗುವುದಿಲ್ಲ.

ಆಡಿಯೋ ಎಲ್ಲ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಮ್ಮ ಕಡೆ ನೆಟ್‌ವರ್ಕ್ ಗೊತ್ತಲ್ಲ, ಗುಡ್ಡದ ಈ ಬದಿಯಲ್ಲಿ ಸಿಕ್ಕಿದ್ದು ಆ ಬದಿಯಲ್ಲಿ ಇಲ್ಲ.

ಎರಡು ತಿಂಗಳು ಬೇಕು. ಯಾವ ಎರಡು ತಿಂಗಳು ಅನ್ನುವುದೂ ಮುಖ್ಯ. ತೋಟ ಇರುವ ಮನೆಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಕಾಫಿ ಕೊಯ್ಲು. ಆಗ ದಿನಕ್ಕೆ ಒಂದೂವರೆ ಗಂಟೆ ಸಿಗುವುದು ಕನಸು. ಜೂನ್, ಜುಲೈನಲ್ಲಿ ಶೀಟ್ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ಕರೆಂಟೂ ಇರುವುದಿಲ್ಲ. ಆಗಸ್ಟ್ ಕೊನೆಗೆ ಶುರು ಮಾಡಿ ಅಕ್ಟೋಬರ್ ಕೊನೆಗೆ ಬರೆಯಿರಿ ಅಂತ ನಾನು ಹೇಳುತ್ತೇನೆ.

ಹಂತ 1: ಪೆನ್ನಿಲ್ಲದೆ ಕೇಳಿ

ಮೊದಲ ಹತ್ತು ದಿನ ಬರೆಯುವ ಸಾಮಾನು ಮುಟ್ಟಬೇಡಿ. ಒಂದೂವರೆ ನಿಮಿಷದ ಒಂದು ಪಾಠದ ತುಣುಕು ಹಾಕಿ, ಕಣ್ಣು ಮುಚ್ಚಿ ಕೇಳಿ. ಒಂದೇ ಸಲ. ಪರೀಕ್ಷೆಯಲ್ಲಿ ಆಡಿಯೋ ಎರಡನೇ ಸಲ ಬರುವುದಿಲ್ಲ. ಹಿಂದಕ್ಕೆ ಹಾಕಿ ಕೇಳುವ ಚಾಳಿ ಮನೆಯಲ್ಲೇ ಬಿಡಬೇಕು.

ಮುಗಿದ ಮೇಲೆ ಮನೆಯಲ್ಲಿ ಯಾರಿಗಾದರೂ ಮೂರು ಮಾತಿನಲ್ಲಿ ಹೇಳಿ: ಯಾವ ವಿಷಯ, ಏನು ಹೇಳಿದರು, ಕೊನೆಗೆ ಏನಂದರು. ಕನ್ನಡದಲ್ಲಿ ಹೇಳಿ, ಕೊಡವ ತಕ್ಕ್‌ನಲ್ಲಿ ಹೇಳಿ, ಅರೆಭಾಷೆಯಲ್ಲಿ ಹೇಳಿ. ಮನೆಮಾತಿನಲ್ಲೇ ಹೇಳಲು ಆಗದಿದ್ದರೆ ತೊಂದರೆ ಇರುವುದು ನಿಮ್ಮ ಇಂಗ್ಲಿಷಿನಲ್ಲಲ್ಲ. ನೀವು ಪದಗಳನ್ನು ಕೇಳಿದ್ದೀರಿ, ವಿಷಯ ಕೇಳಿಲ್ಲ. ನನ್ನ ಹತ್ತಿರ ಬರುವ ಒಬ್ಬ ಹುಡುಗ ದಿನಾ ರಾತ್ರಿ ಅಜ್ಜಿಗೆ ಹೇಳುತ್ತಿದ್ದ. "ಅದಕ್ಕೇನೀಗ?" ಅಂತ ಅಜ್ಜಿ ಕೇಳಿದರೆ ಕೊನೆಯ ಪಾಯಿಂಟ್ ಬಿಟ್ಟುಹೋಗಿದೆ ಅಂತ ಅವನಿಗೆ ಗೊತ್ತಾಗುತ್ತಿತ್ತು. ಅಂಥ ಪರೀಕ್ಷಕರು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಒಂದು ದಿನ ಬ್ರಿಟಿಷ್ ದನಿ, ಒಂದು ದಿನ ಅಮೆರಿಕದ್ದು, ಒಂದು ದಿನ ಆಸ್ಟ್ರೇಲಿಯಾದ್ದು ಹಾಕಿ. ಸಿನಿಮಾ ಬೇಡ. ಸಿನಿಮಾದಲ್ಲಿ ಮುಖ ನೋಡಿ ಅರ್ಧ ಅರ್ಥವಾಗಿಬಿಡುತ್ತದೆ.

ಎಚ್ಚರಿಕೆಯ ಗುರುತು: ಮೊದಲ ಇಪ್ಪತ್ತು ಸೆಕೆಂಡ್ ಚೆನ್ನಾಗಿ ನೆನಪಿದೆ, ಆಮೇಲೆ ಖಾಲಿ. ಗೊತ್ತಿಲ್ಲದ ಒಂದು ಪದಕ್ಕೆ ಮನಸ್ಸು ಸಿಕ್ಕಿಹಾಕಿಕೊಂಡಿತ್ತು ಅಂತ ಅರ್ಥ. ಅದನ್ನು ಬಿಟ್ಟು ಮುಂದಿನ ಮಾತು ಹಿಡಿಯಿರಿ. ಬೇಕಾದ ಪದವಾದರೆ ಅದೇ ಇನ್ನೊಂದು ಸಲ ಬರುತ್ತದೆ.

ಹಂತ 2: ನೋಟ್ಸ್ ಬರೆಯುವುದು, ಅದೂ ಕಡಿಮೆ

ಜಾಸ್ತಿ ಜನ ಬೀಳುವುದು ಇಲ್ಲಿ. ಕಾಲೇಜಿನಲ್ಲಿ ಮೇಷ್ಟ್ರು ಹೇಳಿದ್ದೆಲ್ಲ ಬರೆದುಕೊಂಡು ಅಭ್ಯಾಸ. ಇಲ್ಲಿ ಹಾಗೆ ಬರೆಯಲು ಹೋದರೆ ಕೈ ಮೊದಲ ವಾಕ್ಯದಲ್ಲಿ ಇರುತ್ತದೆ, ಆಡಿಯೋ ಮೂರನೆಯದರಲ್ಲಿ ಇರುತ್ತದೆ.

ಒಂದು ಉದಾಹರಣೆ ನೋಡೋಣ. ನಮಗೆ ಗೊತ್ತಿರುವ ವಿಷಯವನ್ನೇ ತೆಗೆದುಕೊಳ್ಳುತ್ತೇನೆ. ಆಡಿಯೋದಲ್ಲಿ ಒಬ್ಬರು ಕಾಫಿ ತೋಟದ ನೆರಳಿನ ಮರಗಳ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಳ್ಳಿ. ನೆರಳಿದ್ದರೆ ಮಣ್ಣಿನ ತೇವ ಉಳಿಯುತ್ತದೆ. ಉದುರಿದ ಎಲೆ ಗೊಬ್ಬರವಾಗುತ್ತದೆ. ಹಕ್ಕಿಗಳಿಗೆ ಜಾಗ ಸಿಗುತ್ತದೆ. ಆದರೆ ನೆರಳು ತೀರಾ ದಟ್ಟವಾದರೆ ಹೂವು ಕಡಿಮೆ, ಮಳೆಗಾಲದಲ್ಲಿ ಕೊಳೆರೋಗ. ಅದಕ್ಕೇ ಮಳೆಗೆ ಮುಂಚೆ ಮರ ಕಪಾತು ಮಾಡುತ್ತಾರೆ, ಅಂದರೆ ಕೊಂಬೆ ಕಡಿಯುತ್ತಾರೆ. ಇಷ್ಟು ವಿಷಯ.

ಇದಕ್ಕೆ ಒಬ್ಬಳು ಹನ್ನೊಂದು ಸಾಲು ಬರೆದಿದ್ದಳು, "ಹಕ್ಕಿ" ಬರುವಷ್ಟರಲ್ಲಿ ನಿಂತಿತ್ತು. "ಆದರೆ"ಯಿಂದ ಮುಂದಿನದ್ದು ಹಾಳೆಯಲ್ಲಿ ಇಲ್ಲವೇ ಇಲ್ಲ. ಮಾತಿನ ತಿರುಳು ಇರುವುದೇ ಅಲ್ಲಿ ಅಲ್ವಾ? ಅದೇ ಆಡಿಯೋಗೆ ನಾನು ಹಾಳೆಯ ಮೇಲೆ ಇಷ್ಟು ಬರೆಯುತ್ತೇನೆ:

ಶೇಡ್ ಟ್ರೀಸ್
ಸಾಯಿಲ್ ವೆಟ್
ಲೀಫ್ → ಮೆನ್ಯೂರ್
ಬರ್ಡ್ಸ್
✗ ಟೂ ಡೆನ್ಸ್ → ಫ್ಲವರ್ಸ್ ↓, ಡಿಸೀಸ್
∴ ಲಾಪ್ ಬಿಫೋರ್ ರೇನ್

ಹದಿನಾಲ್ಕು ಪದ, ನಾಲ್ಕು ಬಗೆಯ ಗುರುತು. ✗ ಅಂದರೆ "ಆದರೆ", ∴ ಅಂದರೆ "ಆದ್ದರಿಂದ", → ಅಂದರೆ ಒಂದರಿಂದ ಇನ್ನೊಂದು, ↓ ಅಂದರೆ ಕಡಿಮೆ. ಗುರುತು ನಿಮ್ಮದೇ ಇರಲಿ, ಆದರೆ ದಿನಕ್ಕೊಂದು ಬದಲಾಯಿಸಬೇಡಿ.

ನೋಟ್ಸ್ ಕನ್ನಡದಲ್ಲಿ ಬರೆಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬರೆಯಬಹುದು, ಯಾರೂ ತಡೆಯುವುದಿಲ್ಲ. ಆದರೆ ಹೆಸರುಪದಗಳನ್ನು ಕಿವಿಗೆ ಬಿದ್ದ ಇಂಗ್ಲಿಷಿನಲ್ಲೇ ಇಡಿ. "ಗೊಬ್ಬರ" ಅಂತ ಬರೆದರೆ ಮಾತಾಡುವಾಗ "ಮೆನ್ಯೂರ್" ಹುಡುಕಲು ಎರಡು ಸೆಕೆಂಡ್ ಹೋಗುತ್ತದೆ. ಐದು ಪದಕ್ಕೆ ಹತ್ತು ಸೆಕೆಂಡ್. ನಿಮಗೆ ಕೊಟ್ಟಿರುವುದೇ ಅಷ್ಟು.

ಎರಡನೇ ತಪ್ಪು: ಬಿಡಿ ಬಿಡಿಯಾಗಿ ಹಾಳೆಯ ತುಂಬಾ ಬರೆಯುವುದು. ಮೇಲಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಬರೆಯಿರಿ. ಮಾತಾಡುವಾಗ ಕಣ್ಣು ಏಣಿ ಇಳಿದ ಹಾಗೆ ಇಳಿಯಬೇಕು.

ಹಂತ 3: ಕೇಳಿ ಬರೆಯುವ ಒಂದೇ ವಾಕ್ಯ

ಇದಕ್ಕೆ ರೈಟ್ ಫ್ರಮ್ ಡಿಕ್ಟೇಷನ್ ಅಂತ ಹೆಸರು. ಒಂದು ಸಣ್ಣ ವಾಕ್ಯ ಒಮ್ಮೆ ಕೇಳಿಸುತ್ತದೆ, ಹಾಗೇ ಟೈಪ್ ಮಾಡಬೇಕು. ಸ್ಪೆಲ್ಲಿಂಗ್ ಸರಿ ಇರುವ ಪ್ರತಿ ಪದಕ್ಕೂ ಒಂದು ಮಾರ್ಕ್. ನೋಡಲು ಚಿಕ್ಕದು, ಆದರೆ ಲಿಸನಿಂಗ್, ರೈಟಿಂಗ್ ಎರಡನ್ನೂ ಎತ್ತುವುದು ಇದೇ.

ಕನ್ನಡದ ಕಿವಿಗೆ ಇಲ್ಲೊಂದು ತೊಡಕಿದೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಇಂಗ್ಲಿಷ್ ಪದದ ಕೊನೆಗೆ ಅಂಟಿಕೊಂಡ "ಸ್", "ಡ್" ನಮಗೆ ಕೇಳಿಸಿದರೂ ಕೈಗೆ ಬರುವುದಿಲ್ಲ. ವಾಕ್ಯ ಹೀಗಿದೆ ಅನ್ನಿ: ಸ್ಟೂಡೆಂಟ್ಸ್ ಆರ್ ಅಡ್ವೈಸ್ಡ್ ಟು ರಿಟರ್ನ್ ಆಲ್ ಬಾರೋಡ್ ಬುಕ್ಸ್. ಎಂಟು ಪದ, ಎಂಟು ಮಾರ್ಕ್. ಹೊಸಬರು ಬರೆಯುವುದು: ಸ್ಟೂಡೆಂಟ್ ಆರ್ ಅಡ್ವೈಸ್ ಟು ರಿಟರ್ನ್ ಆಲ್ ಬಾರೋ ಬುಕ್. ವಾಕ್ಯ ಪೂರ್ತಿ ಅರ್ಥವಾಗಿದೆ, ನಾಲ್ಕು ಮಾರ್ಕ್ ಹೋಗಿದೆ.

ಅಭ್ಯಾಸದ ಕ್ರಮ ಹೀಗೆ. ವಾಕ್ಯ ಕೇಳುವಾಗ ಹಾಳೆಯ ಮೇಲೆ ಪ್ರತಿ ಪದದ ಮೊದಲ ಅಕ್ಷರ ಮಾತ್ರ ಹಾಕಿ. ಮುಗಿದ ಕೂಡಲೇ ಬಾಯಿಬಿಟ್ಟು ಹೇಳದೆ, ಮನಸ್ಸಿನಲ್ಲಿ ಒಂದು ಸಲ ಪೂರ್ತಿ ಹೇಳಿಕೊಳ್ಳಿ. ಆಮೇಲೆ ಟೈಪ್ ಮಾಡಿ. ಕೊನೆಗೆ ಪ್ರತಿ ಪದದ ಬಾಲ ನೋಡಿ: ಒಂದಾ, ಹಲವಾ? ಈಗಿನದ್ದಾ, ಹಿಂದಿನದ್ದಾ? ದಿನಕ್ಕೆ ಹದಿನೈದು ವಾಕ್ಯ ಸಾಕು. ತಪ್ಪಾದ ಪದಗಳಿಗೆ ಒಂದು ನೋಟ್‌ಬುಕ್ ಇಡಿ. ಎರಡು ವಾರಕ್ಕೆ ನೋಡಿದರೆ ಅದೇ ಇಪ್ಪತ್ತು ಪದ ತಿರುಗಿ ತಿರುಗಿ ಬಂದಿರುತ್ತವೆ.

ಈ ಪ್ರಶ್ನೆ ಬರುವುದು ಲಿಸನಿಂಗ್ ಭಾಗದ ಕೊಟ್ಟಕೊನೆಗೆ. ಅದಕ್ಕೆ ಮುಂಚಿನ ಪ್ರಶ್ನೆಗಳಲ್ಲಿ ಹೊತ್ತು ಕಳೆದರೆ ಇಲ್ಲಿಗೆ ಬರುವಾಗ ಗಡಿಯಾರ ಮುಗಿದಿರುತ್ತದೆ. ಕನಿಷ್ಠ ಐದಾರು ನಿಮಿಷ ಇದಕ್ಕೆ ಅಂತ ಉಳಿಸಿಕೊಳ್ಳಿ. ಅದೇ ಭಾಗದಲ್ಲಿ, ಕೇಳಿದ್ದಕ್ಕೂ ಪರದೆಯಲ್ಲಿ ಇರುವುದಕ್ಕೂ ಬೇರೆಯಾದ ಪದ ಗುರುತಿಸುವ ಪ್ರಶ್ನೆ ಇದೆ. ಅಲ್ಲಿ ತಪ್ಪು ಕ್ಲಿಕ್‌ಗೆ ಮಾರ್ಕ್ ಕಳೆಯುತ್ತಾರೆ. ಗ್ಯಾರಂಟಿ ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ.

ಹಂತ 4: ಕೇಳಿ ಹೇಳುವುದು

ಇದರಲ್ಲಿ ಸಣ್ಣದು, ನಡುವಿನದು, ದೊಡ್ಡದು ಅಂತ ಮೂರಿವೆ. ಸಣ್ಣದರಲ್ಲಿ ಒಂದು ವಾಕ್ಯ ಕೇಳಿ ಹಾಗೇ ಹೇಳಬೇಕು. ನಡುವಿನದರಲ್ಲಿ ಸುಮಾರು ಒಂದೂವರೆ ನಿಮಿಷದ ಪಾಠ ಕೇಳಿ, ಹತ್ತು ಸೆಕೆಂಡ್ ಯೋಚಿಸಿ, ನಲವತ್ತು ಸೆಕೆಂಡ್ ಹೇಳಬೇಕು. ದೊಡ್ಡದು 2025ರ ಆಗಸ್ಟ್‌ನಲ್ಲಿ ಸೇರಿದ್ದು: ಮೂವರು ಮಾತಾಡುವುದನ್ನು ಕೇಳಿ, ಎರಡು ನಿಮಿಷದಲ್ಲಿ ಅದರ ಸಾರ ಹೇಳುವುದು.

ಸಣ್ಣದರಿಂದ ಶುರು ಮಾಡಿ. ವಾಕ್ಯವನ್ನು ಪದ ಪದವಾಗಿ ಅಲ್ಲ, ಎರಡು ಮೂರು ತುಂಡಾಗಿ ಹಿಡಿಯಿರಿ. ಮಧ್ಯದಲ್ಲಿ ಒಂದು ಪದ ಮರೆತರೆ ನಿಲ್ಲಬೇಡಿ, ಉಳಿದದ್ದನ್ನು ಅದೇ ಓಟದಲ್ಲಿ ಮುಗಿಸಿ. ಮೂರು ಸೆಕೆಂಡ್ ಸುಮ್ಮನಿದ್ದರೆ ಮೈಕ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಹೇಳಿದ್ದು ಗೋಡೆಗೆ ಹೇಳಿದ ಹಾಗೆ.

ನಡುವಿನದಕ್ಕೆ ಹಂತ 2ರ ಏಣಿ ಬೇಕು. ಯೋಚಿಸಲು ಕೊಟ್ಟ ಹತ್ತು ಸೆಕೆಂಡಿನಲ್ಲಿ ಹೊಸದಾಗಿ ಏನೂ ಬರೆಯಬೇಡಿ. ಮೊದಲ ವಾಕ್ಯ ಒಂದನ್ನು ಮನಸ್ಸಿನಲ್ಲಿ ಕಟ್ಟಿ, ಸಾಕು. ಉಳಿದದ್ದಕ್ಕೆ ಪ್ರತಿ ಮೆಟ್ಟಿಲಿಗೂ ಒಂದು ಚಿಕ್ಕ ವಾಕ್ಯ. ಶೇಡ್ ಟ್ರೀಸ್ ಉದಾಹರಣೆಯಲ್ಲಿ ಆರು ಮೆಟ್ಟಿಲು, ಆರು ವಾಕ್ಯ, ನಲವತ್ತು ಸೆಕೆಂಡಿಗೆ ಸರಿಯಾಗುತ್ತದೆ. ಸಮಯ ಮಿಕ್ಕಿದರೆ ಚಿಂತೆ ಇಲ್ಲ. ಐದು ಸೆಕೆಂಡ್ ಮಿಕ್ಕಿತು ಅಂತ ಮೊದಲ ಪಾಯಿಂಟನ್ನೇ ಮತ್ತೆ ಎಳೆಯಬೇಡಿ.

ಈಗ ಟೆಂಪ್ಲೇಟ್ ವಿಷಯ. ನಾನೇ ಮೊದಲ ಸಲ ಪರೀಕ್ಷೆ ಬರೆದಾಗ ಒಂದು ಕೋಚಿಂಗ್‌ನಲ್ಲಿ ದುಡ್ಡು ಕೊಟ್ಟು ನಾಲ್ಕು ಸಾಲಿನ ಟೆಂಪ್ಲೇಟ್ ಬಾಯಿಪಾಠ ಮಾಡಿದ್ದೆ. ಲೆಕ್ಚರ್ ತುಂಬಾ ಮಾಹಿತಿಪೂರ್ಣವಾಗಿತ್ತು, ಅನೇಕ ಮುಖ್ಯ ಅಂಶಗಳನ್ನು ಚರ್ಚಿಸಿತು ಅನ್ನುವ ಧಾಟಿಯದ್ದು. ಯಾವ ಪಾಠಕ್ಕೂ ಹೊಂದುತ್ತದೆ, ಯಾವ ಪಾಠದ ಬಗ್ಗೆಯೂ ಏನೂ ಹೇಳುವುದಿಲ್ಲ. ನಲವತ್ತರಲ್ಲಿ ಹದಿನೆಂಟು ಸೆಕೆಂಡ್ ಅದಕ್ಕೇ ಹೋಯಿತು. ಈಗಂತೂ 2025ರ ಆಗಸ್ಟ್‌ನಿಂದ ಕೆಲವು ಬಗೆಯ ಉತ್ತರಗಳನ್ನು ಕಂಪ್ಯೂಟರ್ ಜೊತೆ ಮನುಷ್ಯರೂ ನೋಡುತ್ತಾರೆ. "ಈ ಪಾಠ ಇಂಥದ್ದರ ಬಗ್ಗೆ", "ಆದರೆ", "ಕೊನೆಗೆ" ಅನ್ನುವಷ್ಟು ಜೋಡಿಸುವ ಮಾತು ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಬೇಡ.

ಮೂವರ ಮಾತುಕತೆಗೆ ಹಾಳೆಯನ್ನು ಮೂರು ಪಟ್ಟಿ ಮಾಡಿ, ಒಬ್ಬೊಬ್ಬರಿಗೆ ಒಂದು. ಯಾರು ಏನು ಹೇಳಿದರು ಅನ್ನುವುದಕ್ಕಿಂತ ಯಾರು ಯಾರ ಮಾತಿಗೆ ಒಪ್ಪಿದರು, ಯಾರು ತಕರಾರು ತೆಗೆದರು ಅನ್ನುವುದನ್ನು ಬಾಣದಲ್ಲಿ ತೋರಿಸಿ. ಮನೆಯಲ್ಲಿ ಊಟದ ಹೊತ್ತಿನ ಜಗಳವನ್ನೇ ಹೀಗೆ ನೋಟ್ಸ್ ಮಾಡಿ ನೋಡಿ, ಅಭ್ಯಾಸಕ್ಕೆ ಒಳ್ಳೆಯದು.

ಉಚ್ಚಾರದ ಬಗ್ಗೆ ಎರಡೇ ಮಾತು. ಪದದ ಕೊನೆಗೆ "ಉ" ಸೇರಿಸಬೇಡಿ: ರೋಡು, ಬುಕ್ಕು, ಪಾಯಿಂಟು. ಪದದ ಮೊದಲಿಗೆ "ಯ", "ವ" ಸೇರಿಸಬೇಡಿ: ಯೆಂಡ್, ವೋನ್ಲಿ. ಇವೆರಡು ಬಿಟ್ಟರೆ ನಮ್ಮ ದನಿ ನಮ್ಮದೇ ಇರಲಿ. ಅಮೆರಿಕದವರ ಹಾಗೆ ಮೂಗಿನಲ್ಲಿ ಮಾತಾಡುವ ಅಗತ್ಯ ಇಲ್ಲ.

ಹಂತ 5: ಓದಿ ಒಂದೇ ವಾಕ್ಯದಲ್ಲಿ ಬರೆಯುವುದು

ಗರಿಷ್ಠ 300 ಪದದ ಒಂದು ಬರಹ, ಹತ್ತು ನಿಮಿಷ, ಉತ್ತರ ಒಂದೇ ವಾಕ್ಯ. 5ರಿಂದ 75 ಪದದೊಳಗೆ ಇರಬೇಕು. ಎರಡು ವಾಕ್ಯವಾದರೆ ಇಡೀ ಉತ್ತರಕ್ಕೆ ಸೊನ್ನೆ. ಎಷ್ಟೇ ಚೆನ್ನಾಗಿದ್ದರೂ ಸೊನ್ನೆ.

ಒಂದೊಂದು ಪ್ಯಾರಾದಿಂದ ಒಂದೊಂದು ಮುಖ್ಯ ಮಾತು ಆರಿಸಿ. ಉದಾಹರಣೆ, ಹೆಸರು, ಇಸವಿ, ಅಂಕಿ ಎಲ್ಲ ಕಪಾತು ಮಾಡಿ. ಉಳಿದ ಎರಡು ಮೂರು ಮಾತನ್ನು ಆಲ್ದೋ, ಬಿಕಾಸ್, ವೈಲ್, ವಿಚ್ ಇವುಗಳಿಂದ ಹೊಲಿಯಿರಿ. 35ರಿಂದ 50 ಪದ ಹದವಾದ ಅಳತೆ. 75ರ ಹತ್ತಿರ ಹೋದರೆ ವ್ಯಾಕರಣ ಎಲ್ಲೋ ಹರಿಯುತ್ತದೆ.

ಜಾಸ್ತಿ ಆಗುವ ತಪ್ಪು "ಹೌಎವರ್". ಅದರ ಹಿಂದೆ ಫುಲ್‌ಸ್ಟಾಪ್ ಹಾಕುವುದು ಕೈಗೆ ರೂಢಿಯಾಗಿರುತ್ತದೆ. ಅದರ ಬದಲು "ಬಟ್" ಬಳಸಿ, ಹಿಂದೆ ಕಾಮಾ ಹಾಕಿ. ಕಳಿಸುವ ಮುಂಚೆ ಫುಲ್‌ಸ್ಟಾಪ್ ಎಣಿಸಿ. ಒಂದೇ ಇರಬೇಕು, ಕೊನೆಯಲ್ಲಿ ಇರಬೇಕು.

ಹಂತ 6: ಕೇಳಿ, 50ರಿಂದ 70 ಪದದಲ್ಲಿ ಬರೆಯುವುದು

ಒಂದರಿಂದ ಒಂದೂವರೆ ನಿಮಿಷ ಕೇಳಿ, ಹತ್ತು ನಿಮಿಷದಲ್ಲಿ ಬರೆಯಬೇಕು. 50ರಿಂದ 70 ಪದವಾದರೆ ಅಳತೆಗೆ ಪೂರ್ತಿ ಮಾರ್ಕ್. 40ಕ್ಕಿಂತ ಕಡಿಮೆ, 100ಕ್ಕಿಂತ ಜಾಸ್ತಿಯಾದರೆ ಉತ್ತರವೇ ಲೆಕ್ಕಕ್ಕಿಲ್ಲ.

ಒಳ್ಳೆ ನೋಟ್ಸ್ ಇದ್ದರೆ ಇದು ಎಲ್ಲಕ್ಕಿಂತ ಸುಲಭ. ಏಣಿಯ ಮೆಟ್ಟಿಲುಗಳನ್ನು ಎರಡೆರಡು ಸೇರಿಸಿ ಮೂರು ನಾಲ್ಕು ವಾಕ್ಯ ಮಾಡಿ. ಆರು ನಿಮಿಷಕ್ಕೆ ಬರೆದು ಮುಗಿಸಿ, ಉಳಿದ ನಾಲ್ಕು ನಿಮಿಷ ಸ್ಪೆಲ್ಲಿಂಗ್‌ಗೂ ಪದದ ಬಾಲಕ್ಕೂ ಕೊಡಿ. ಹಂತ 3ರಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 7: ಗದ್ದಲದಲ್ಲಿ ಎರಡು ಗಂಟೆ

ಕೊನೆಯ ಎರಡು ವಾರ ಬಿಡಿ ಪ್ರಶ್ನೆ ಬಿಟ್ಟು ಇಡೀ ಪರೀಕ್ಷೆ ಬರೆಯಿರಿ, ವಾರಕ್ಕೆ ಎರಡು ಸಲ. ಪರೀಕ್ಷೆ ಸುಮಾರು ಎರಡು ಗಂಟೆಯದ್ದು. ಒಂದೂಕಾಲು ಗಂಟೆಯ ಮೇಲೆ ಕಿವಿ ದಣಿಯುತ್ತದೆ, ಲಿಸನಿಂಗ್ ಬರುವುದು ಆಗಲೇ.

ಪರೀಕ್ಷಾ ಕೋಣೆಯಲ್ಲಿ ಒಬ್ಬರೇ ಇರುವುದಿಲ್ಲ. ನೀವು ಮಾತಾಡುವಾಗ ಅಕ್ಕಪಕ್ಕದವರೂ ಮಾತಾಡುತ್ತಿರುತ್ತಾರೆ. ತೋಟದ ಮನೆಯ ಮೌನದಲ್ಲಿ ಅಭ್ಯಾಸ ಮಾಡಿ ಹೋದವರು ಅಲ್ಲಿ ಬೆಚ್ಚಿಬೀಳುತ್ತಾರೆ. ಅದಕ್ಕೇ ಈ ಎರಡು ವಾರ ಟಿವಿ ಹಾಕಿಕೊಂಡು, ಅಡುಗೆಮನೆಯ ಪಕ್ಕ ಕೂತು ಬರೆಯಿರಿ. ನನ್ನ ತರಗತಿಯಲ್ಲಿ ನಾಲ್ಕು ಜನರನ್ನು ಒಂದೇ ಮೇಜಿಗೆ ಕೂರಿಸಿ ಒಟ್ಟಿಗೆ ಮಾತಾಡಿಸುತ್ತೇನೆ. ಮೊದಲ ದಿನ ಎಲ್ಲರೂ ಕಿರುಚುತ್ತಾರೆ. ಕಿರುಚಬೇಡಿ. ರೆಕಾರ್ಡ್ ಒಡೆಯುತ್ತದೆ. ಮಾಮೂಲಿ ದನಿ ಸಾಕು.

ಹಂತ 8: ಹೊರಡುವುದು, ಬರೆಯುವುದು

ಹಿಂದಿನ ದಿನವೇ ಹೋಗಿ. ನಮಗೆ ರೈಲಿಲ್ಲ. ಮಡಿಕೇರಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಐದಾರು ಗಂಟೆ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬೆಳಗ್ಗೆ ನೇರ ಕೇಂದ್ರಕ್ಕೆ ಹೋದವರ ಸ್ಕೋರ್ ನೋಡಿದ್ದೇನೆ. ಮಳೆಗಾಲದಲ್ಲಾದರೆ ಒಂದು ದಿನ ಹೆಚ್ಚೇ ಇಟ್ಟುಕೊಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ರಸ್ತೆಗಳಿಗೆ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ.

ಪಾಸ್‌ಪೋರ್ಟ್ ಮೂಲಪ್ರತಿ ಬೇಕು, ಜೆರಾಕ್ಸ್ ನಡೆಯುವುದಿಲ್ಲ. ಮನೆತನದ ಹೆಸರು ಮುಂದೆ ಹಿಂದೆ ಆಗುವುದು ನಮ್ಮಲ್ಲಿ ಜಾಸ್ತಿ. ಬುಕ್ ಮಾಡುವಾಗ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹೆಸರು ಹಾಕಿ.

ಮೈಕ್ ಪರೀಕ್ಷಿಸುವಾಗ ಒಂದು ವಾಕ್ಯ ಹೇಳಿ, ಹಾಕಿ ಕೇಳಿ. ಉಸಿರಿನ ಬುಸ್ ಸದ್ದು ಬಂದರೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ. ಶುರುವಿನಲ್ಲಿ ನಿಮ್ಮ ಪರಿಚಯ ಹೇಳಿ ಅನ್ನುತ್ತಾರೆ. ಅದಕ್ಕೆ ಮಾರ್ಕ್ ಇಲ್ಲ. ದನಿ ಸರಿ ಮಾಡಿಕೊಳ್ಳಲು ಅದನ್ನು ಬಳಸಿ.

ಸ್ಕೋರ್ ಬಂದ ಮೇಲೆ

ಸಾಮಾನ್ಯವಾಗಿ ಎರಡು ದಿನದಲ್ಲಿ ಬರುತ್ತದೆ. ಸಾಲದಿದ್ದರೆ ಅದೇ ಸಂಜೆ ಮುಂದಿನ ತಾರೀಕು ಬುಕ್ ಮಾಡಬೇಡಿ. ಯಾವ ಎರಡು ಒಟ್ಟಿಗೆ ಬಿದ್ದಿವೆ ನೋಡಿ. ಲಿಸನಿಂಗ್ ಮತ್ತು ರೈಟಿಂಗ್ ಎರಡೂ ಕಡಿಮೆ ಇದ್ದರೆ ಹಂತ 3 ಮತ್ತು 6ಕ್ಕೆ ವಾಪಸ್ ಹೋಗಿ. ಲಿಸನಿಂಗ್ ಮತ್ತು ಸ್ಪೀಕಿಂಗ್ ಆದರೆ ಹಂತ 2 ಮತ್ತು 4. ರೀಡಿಂಗ್ ಮತ್ತು ರೈಟಿಂಗ್ ಆದರೆ ಹಂತ 5. ಒಂದೇ ಒಂದು ಬಿದ್ದು ಉಳಿದದ್ದು ಚೆನ್ನಾಗಿದ್ದರೆ ಅದು ಜೋಡಿ ಪ್ರಶ್ನೆಯ ತೊಂದರೆಯಲ್ಲ, ಅದಕ್ಕೆ ಬೇರೆ ತಯಾರಿ ಬೇಕು. ನಾಲ್ಕೂ ಬಿದ್ದಿದ್ದರೆ ಹಂತ 1ರಿಂದ ಶುರು ಮಾಡಿ. ಅಜ್ಜಿಯನ್ನು ಕರೆಯಿರಿ.